ಬಿಡು ಅಂದರೆ ಯಾವ ಬಿಡು

ನಮ್ಮ ಸೋದರಮಾವನ ಫುಟ್‌ಬಾಲ್ ವಿದ್ಯೆಯೆಲ್ಲ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಒಂದು ‘ಹೀಂಗ’, ಇನ್ನೊಂದು ‘ಬಿಡು’. ಈ ಎರಡು ಮಾತಿನ ಬಂಡವಾಳದ ಮೇಲೆ ಅವನು ಆಳಂದದ ನಮ್ಮ ಟೀಮಿಗೆ ಉಸ್ತಾದನಾದ. ಈಗ ಮ್ಯಾನೇಜರ್ ಎಂದು ಕರೆಸಿಕೊಳ್ಳುವವರ ಕೆಲಸವನ್ನೆಲ್ಲ ಆಗ ಉಸ್ತಾದನೇ ಮಾಡುತ್ತಿದ್ದ. ಯಾರು ಆಡಬೇಕು, ಯಾರು ಮುಳ್ಳಿನ ಬೇಲಿಯಿಂದ ಚೆಂಡು ಆಯ್ದು ತರಬೇಕು, ಯಾರು ಬೈಸಿಕೊಳ್ಳಬೇಕು, ಎಲ್ಲ ಅವನದೇ ಲೆಕ್ಕ.

ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಟಿವಿಯಲ್ಲಿ ಆಟ ನೋಡುತ್ತ ಜಗಳಾಡುತ್ತಾರೆ. ದೊಡ್ಡ ಆಟಗಾರನಾಗಿದ್ದವನು ಮ್ಯಾನೇಜರ್ ಆದರೆ ಟೀಮು ತಾನೇ ಗೆಲ್ಲುತ್ತದೆ ಎಂದು ಒಬ್ಬನ ವಾದ, ಅದೆಲ್ಲ ಸುಳ್ಳು ಎಂದು ಇನ್ನೊಬ್ಬನದು. ನನ್ನನ್ನು ಯಾರೂ ಕೇಳುವುದಿಲ್ಲ. ದೊಡ್ಡ ಆಟಗಾರನೊಬ್ಬನ ಕೈಗೆ ಸಿಕ್ಕು ಒದ್ದಾಡಿದವನು ಈ ಮನೆಯಲ್ಲಿ ನಾನೊಬ್ಬನೇ. ಆದರೂ ಕೇಳುವುದಿಲ್ಲ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಮಾಮಾ ದೊಡ್ಡ ಆಟಗಾರ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹೈದರಾಬಾದಿಗೆ ಹೋಗಿ, ಬರಿಗಾಲಿನಲ್ಲಿ ಆಡಿ, ಬೂಟು ಹಾಕಿದವರ ನಡುವೆ ಹೆಸರು ಮಾಡಿದ್ದ. ಅಫಜಲಪುರದ ಒಬ್ಬ ಶೇಂಗಾ ವ್ಯಾಪಾರಿ, ಫುಟ್‌ಬಾಲಿನ ಹುಚ್ಚು ಹತ್ತಿದ ಮನುಷ್ಯ, ಅವನ ಆಟವನ್ನು ಒಂದು ಸಲ ನೋಡಿ ಜಾತಕವನ್ನೂ ಕೇಳದೆ ಮಗಳನ್ನು ಕೊಟ್ಟ. ಮದುವೆಯಾಗಿ ವರ್ಷ ತುಂಬುವುದರೊಳಗೆ ಮಾಮಾನ ಮೊಣಕಾಲು ಆಟದಲ್ಲಿ ತಿರುಚಿಕೊಂಡಿತು. ಹೆಂಡತಿಯನ್ನು ಕರೆದುಕೊಂಡು ಆಳಂದಕ್ಕೆ ಬಂದು ನಮ್ಮ ಪಕ್ಕದ ಮನೆಯಲ್ಲಿ ಕೂತ. ಕೂತ ಅಂದರೆ ಕೂತೇಬಿಟ್ಟ. ಬೆಳಗಾದರೆ ಕಟ್ಟೆ, ಸಂಜೆಯಾದರೂ ಕಟ್ಟೆ. ತನ್ನ ಮೊಣಕಾಲನ್ನೇ ನೋಡುತ್ತಿದ್ದ, ಮಾತಿಲ್ಲ ಕತೆಯಿಲ್ಲ.

ಅವನ ಹೆಂಡತಿ, ನಮ್ಮ ಅತ್ತಿ, ಮಾತು ಬೇಕಾದವಳು. ನಮ್ಮ ಎರಡೂ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ಒಂದು ಸಂಜೆ ಆ ಕಡೆಯಿಂದ ಅವಳ ದನಿ ಕೇಳಿಸಿತು.

“ಈ ಗ್ವಾಡಿ ಕೂಡ ಎಷ್ಟಂತ ಮಾತಾಡ್ಲಿರಿ? ನಾ ತವರಿಗೆ ಹೋಗ್ತೇನಿ.”

“ಬಿಡು,” ಅಂದ ಮಾಮಾ.

ಆಮೇಲೆ ಟ್ರಂಕಿನ ಮುಚ್ಚಳ ತೆಗೆದ ಸದ್ದು. ಮರುದಿನ ಅವಳು ಅಫಜಲಪುರಕ್ಕೆ ಹೊರಟುಹೋದಳು.

ಕೇಳಿದವರಿಗೆಲ್ಲ ಮಾಮಾ, “ಬ್ಯಾಡಂದೆ, ಕೇಳ್ಲಿಲ್ಲ,” ಅನ್ನುತ್ತಿದ್ದ. ಅಫಜಲಪುರದಿಂದ ಬಂದವರು ತರುತ್ತಿದ್ದ ಸುದ್ದಿ ಬೇರೆ: “ಗಂಡನೇ ಹೋಗು ಅಂದ್ನಂತ, ಬಂದಾಳ.” ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಓಣಿಯೆಲ್ಲ ತೀರ್ಮಾನಿಸಿತು. ಯಾರು ಎಂಬುದರ ಮೇಲೆ ಓಣಿಯಲ್ಲಿ ಎರಡು ಪಕ್ಷಗಳಾದವು. ನಾನು ಅತ್ತಿಯ ಪಕ್ಷ, ಯಾಕೆಂದರೆ ಅವಳು ಕುಟ್ಟುತ್ತಿದ್ದ ಶೇಂಗಾ ಹಿಂಡಿ, ಆ ಖಾರದ ಚಟ್ನಿಪುಡಿ, ಈಗ ನಮ್ಮ ಮನೆಗೆ ಬರುವುದು ನಿಂತಿತ್ತು.

ನಮ್ಮವ್ವನಿಗೆ ತಮ್ಮನ ಚಿಂತೆ. “ನಿಮ್ಮ ಚಂಡಿನಾಟದಾಗ ಅವಂಗೂ ಏನರ ಒಂದು ಕೆಲಸ ಕೊಡ್ರೋ. ಇಲ್ಲಂದ್ರ ಕಟ್ಟಿ ಮ್ಯಾಲೆ ಬೇರು ಬಿಡ್ತಾನ,” ಅಂದಳು. ನಮಗೂ ಆಸೆ ಹುಟ್ಟಿತು. ಹೈದರಾಬಾದಿನಲ್ಲಿ ಆಡಿದವನು ನಮಗೆ ಉಸ್ತಾದ. ಇನ್ನೇನು ಬೇಕು?

ಮೊದಲ ದಿನ ನಾನೇ ಕೇಳಿದೆ, ಚೆಂಡನ್ನು ಅವನ ಥರ ಬಾಗಿಸಿ ಹೊಡೆಯುವುದು ಹೇಗೆ ಅಂತ. ಮಾಮಾ ಕುಂಟುತ್ತ ಬಂದ, ನೆಟ್ಟಗಿದ್ದ ಕಾಲಿನಲ್ಲಿ ಒದ್ದ. ಚೆಂಡು ಬೇವಿನ ಗಿಡವನ್ನು ಸುತ್ತಿ ಗೋಲಿನೊಳಗೆ ಹೋಯಿತು. “ಹೀಂಗ,” ಅಂದ. ಪಾದದ ಯಾವ ಭಾಗದಿಂದ ಮಾಮಾ, ಅಂದೆ. ಅವನು ತನ್ನ ಪಾದವನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಇನ್ನೊಮ್ಮೆ ಒದ್ದ. ಚೆಂಡು ಮತ್ತೆ ಗಿಡ ಸುತ್ತಿತು. “ಹೀಂಗಲೇ. ಕಣ್ಣಿಲ್ಲೇನು?” ಅಂದ. ನಮಗೆ ಕಣ್ಣಿತ್ತು. ಕಂಡದ್ದು ಮಾತ್ರ ಧೂಳು.

ನನ್ನ ಸಂಗತಿ ಉಲ್ಟಾ. ನನಗೆ ಯಾವುದೂ ತಾನಾಗಿ ಬರಲಿಲ್ಲ. ಎಡಗಾಲು ಎಲ್ಲಿಡಬೇಕು, ಸೊಂಟ ಎತ್ತ ತಿರುಗಬೇಕು, ಒಂದೊಂದನ್ನೂ ಬಿದ್ದು ಎದ್ದು ಕಲಿತವನು. ಹಾಗಾಗಿ ದಿನವಿಡೀ ವಿವರಿಸಬಲ್ಲೆ. ತೊಂದರೆ ಏನೆಂದರೆ, ನಾನು ಒದ್ದದ್ದನ್ನು ನೋಡಿದ ಮೇಲೆ ನನ್ನ ವಿವರಣೆಯನ್ನು ಯಾರೂ ಕೇಳುತ್ತಿರಲಿಲ್ಲ.

‘ಹೀಂಗ’ಕ್ಕಿಂತ ಕಷ್ಟದ್ದು ‘ಬಿಡು’. ನಮ್ಮ ಕಡೆ ಕಪಾಳಕ್ಕೆ ಒಂದು ಬಿಟ್ಟ ಅನ್ನುತ್ತೇವಲ್ಲ, ಆ ಲೆಕ್ಕದಲ್ಲಿ ಬಿಡು ಅಂದರೆ ಬಲವಾಗಿ ಹೊಡಿ. ಆದರೆ ಇರಲಿ ಬಿಡು ಅನ್ನುವ ಲೆಕ್ಕದಲ್ಲಿ ಬಿಡು ಅಂದರೆ ಅದರ ಗೊಡವೆಗೆ ಹೋಗಬೇಡ. ಮಾಮಾ ಎರಡಕ್ಕೂ ಅದೊಂದನ್ನೇ ಬಳಸುತ್ತಿದ್ದ. ಯಾವ ಬಿಡು ಎಂಬುದು ಅವನ ಕಣ್ಣಿನಲ್ಲಿ ಇರುತ್ತಿತ್ತಂತೆ. ಚೆಂಡು ನೋಡುತ್ತ ಓಡುವವನು ಉಸ್ತಾದನ ಕಣ್ಣು ನೋಡುವುದು ಯಾವಾಗ? ನಾನು ಇದನ್ನು ಹೇಳಿಯೂ ಹೇಳಿದೆ. “ನಿಂದು ಬಾಯಿ ಭಾಳಾತು,” ಎಂಬ ಉತ್ತರ ಸಿಕ್ಕಿತು. ಹೊಡೆಯುವುದೋ ಬಿಡುವುದೋ ತಿಳಿಯದೆ ನಾವು ಆರಿಸಿದ ದಾರಿ ಅಂದರೆ, ಮುಂದಿನವರು ಹೊಡೆಯುವುದು, ಹಿಂದಿನವರು ಹಿಂದೆ ಸರಿಯುವುದು. ಹೇಗೋ ಸಾಗುತ್ತಿತ್ತು.

ಇದಕ್ಕೆ ಒಪ್ಪದವನು ನಮ್ಮ ಸೆಂಟರ್ ಫಾರ್ವರ್ಡ್ ಒಬ್ಬನೇ. ಅವನು ಜೇವರ್ಗಿ ಕಡೆಯವನು, ಆಳಂದದ ಒಂದು ಎಣ್ಣೆಗಾಣದಲ್ಲಿ ಕೆಲಸಕ್ಕಿದ್ದ. ಎಲ್ಲರೂ ಅವನನ್ನು ಜೇವರ್ಗಿ ಅಂತಲೇ ಕರೆಯುತ್ತಿದ್ದೆವು. ಓಟದಲ್ಲಿ ಕುದುರೆ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪ್ರಾಣಿ. ಒಮ್ಮೆ ಮಾಮಾ ಅವನಿಗೆ “ಅಲ್ಲೇ ನಿಂದ್ರು” ಎಂದು ಹೇಳಿ ಮರೆತುಬಿಟ್ಟ. ಆಟ ಮುಗಿದು, ನಾವೆಲ್ಲ ಬಾವಿಗೆ ಹೋಗಿ ಕಾಲು ತೊಳೆದು ಬಂದರೂ ಅವನು ಬಯಲಿನ ಮೂಲೆಯಲ್ಲಿ ನಿಂತೇ ಇದ್ದ. “ನಮ್ಮೂರಾಗ ಬಿಡು ಅಂದ್ರ ಬಿಡೋದ್ರಿ,” ಅನ್ನುತ್ತಿದ್ದ. ಆದರೂ ನಾವೆಲ್ಲ ತಲೆ ತಿಂದು, ಉಸ್ತಾದ ಬಿಡು ಅಂದರೆ ಹೊಡಿ ಎಂದೇ ಅರ್ಥ ಎಂದು ಅವನಿಂದ ಹೂಂ ಅನ್ನಿಸಿದ್ದೆವು.

ಆ ವರ್ಷ ಸೋಲಾಪುರದ ತನಕ ಸ್ವಾತಂತ್ರ್ಯ ಬಂದಿತ್ತು. ಆಳಂದ ಅಲ್ಲಿಂದ ಹೆಚ್ಚು ದೂರವಿಲ್ಲ, ಆದರೆ ಅಷ್ಟು ನಡೆದು ಬರಲು ಅದಕ್ಕೆ ಇನ್ನೊಂದು ವರ್ಷ ಹಿಡಿಯಿತು. ನಮ್ಮದು ಇನ್ನೂ ನಿಜಾಮರ ರಾಜ್ಯ. ನಾಲ್ಕು ಹುಡುಗರು ಗುಂಪು ಕೂಡಿದರೆ ಪೊಲೀಸರು ಬಂದು ಕೇಳುವ ಕಾಲ. ಅಂಥದರಲ್ಲಿ, ದೀಪಾವಳಿ ಕಳೆದ ಮೇಲೆ, ಅಫಜಲಪುರದ ಟೀಮಿನಿಂದ ಆಟಕ್ಕೆ ಕರೆ ಬಂತು. ಕಳಿಸಿದವನು ಮಾಮಾನ ಮಾವ, ಆ ಶೇಂಗಾ ವ್ಯಾಪಾರಿಯೇ.

ಮಾಮಾ ಕಟ್ಟೆಯಿಂದ ಎದ್ದು ನಿಂತ. “ಗೆದ್ರ ಅವರ ಮನಿಗೆ ಹೋಗಿ ನಿಮ್ಮತ್ತೀನ್ನ ಕರ್ಕೊಂಡು ಬರ್ತೇನಿ. ಸೋತ್ರ ಆ ಓಣಿಗೆ ಕಾಲಿಡಂಗಿಲ್ಲ,” ಅಂದ. ಮೊಣಕಾಲು ಹೋಗಿ, ಆಟ ಹೋಗಿ, ಸೋತ ಟೀಮಿನ ಉಸ್ತಾದನಾಗಿ ಆ ಮನೆಯ ಬಾಗಿಲು ತಟ್ಟುವುದು ಅವನಿಂದ ಆಗುವ ಮಾತಲ್ಲ. ಎರಡು ಮಾತಿನ ಮನುಷ್ಯ ಇಷ್ಟುದ್ದ ಮಾತಾಡಿದ್ದು ನೋಡಿ ನನಗೆ ಅಳು ಬಂದ ಹಾಗಾಯಿತು. ಹೆಂಡತಿ ಬೇಕು ಅನ್ನುವುದನ್ನೂ ಇವನು ಚೆಂಡಿನ ಕೈಯಲ್ಲೇ ಹೇಳಿಸಬೇಕಲ್ಲ ಎಂದು ಸಿಟ್ಟೂ ಬಂತು.

ಶೇಂಗಾ ತರಲು ಖಾಲಿ ಹೋಗುತ್ತಿದ್ದ ಲಾರಿಯಲ್ಲಿ ಹೊರಟೆವು. ದಾರಿಯಲ್ಲಿ ಪೊಲೀಸರ ತಪಾಸಣೆಯ ನಾಕಾ. ಒಬ್ಬ ಜವಾನ ಲಾರಿ ತಡೆದು, “ಇತ್ತೇ ಲೋಗಾಂ ಕಾಂ ಜಾರೇ?” ಎಂದು, ಇಷ್ಟು ಜನ ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಫುಟ್‌ಬಾಲಿಗೆ ಅಂದೆವು. ಅವನಿಗೆ ಚೆಂಡಿನ ಮೇಲೇ ಅನುಮಾನ. ಒತ್ತಿ ನೋಡಿದ, ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಏನಿದೆ ಅಂದ. ಗಾಳಿ ಅಂದೆ. ನನ್ನ ಉತ್ತರ ಅವನಿಗೆ ಉದ್ಧಟತನ ಅನ್ನಿಸಿತು. ಆಗ ಮಾಮಾ ಕೆಳಗಿಳಿದು ಚೆಂಡು ಇಸಿದುಕೊಂಡು ಒಂದೇ ಕಾಲಿನ ಮೇಲೆ ಅದನ್ನು ಕುಣಿಸತೊಡಗಿದ. ಪಾದದಿಂದ ತೊಡೆಗೆ, ತೊಡೆಯಿಂದ ತಲೆಗೆ, ಮತ್ತೆ ಪಾದಕ್ಕೆ. ಜವಾನ ಬಾಯಿ ತೆರೆದು ನಿಂತ. ಆಮೇಲೆ ಅಡ್ಡಗಂಬದ ಹತ್ತಿರ ನಿಂತವನಿಗೆ, “ಛೋಡೋ,” ಎಂದು ಕೂಗಿದ.

“ನೋಡಲೇ ಜೇವರ್ಗಿ, ಇದೂ ಒಂದು ಬಿಡು,” ಅಂದೆ ನಾನು. ನಗಿಸಲು ಹೇಳಿದ್ದು. ಅವನು ನಗಲಿಲ್ಲ, ಯೋಚನೆಗೆ ಬಿದ್ದ. ಅಫಜಲಪುರದ ತನಕ ಲಾರಿಯ ಮೂಲೆಯಲ್ಲಿ ಕೂತು ಯೋಚಿಸಿದ.

ಅಲ್ಲಿಯ ಬಯಲು ವ್ಯಾಪಾರಿಯ ಮನೆಯ ಹಿಂದೆಯೇ ಇತ್ತು. ಎದುರಿಗೆ ಕುರ್ಚಿ ಹಾಕಿಸಿಕೊಂಡು ಅವನು ಕೂತಿದ್ದ. ಮಾಳಿಗೆಯ ಮೇಲೆ ಹೆಂಗಸರು. ಅವರಲ್ಲಿ ಅತ್ತಿ ಇದ್ದಾಳೆ ಎಂಬುದು ಮಾಮಾನನ್ನು ನೋಡಿದರೆ ಗೊತ್ತಾಗುತ್ತಿತ್ತು, ಆ ಕಡೆಗೆ ಒಮ್ಮೆಯೂ ತಲೆ ಎತ್ತಲಿಲ್ಲ.

ಆಟ ಹೇಗಿತ್ತೆಂದು ಕೇಳಬೇಡಿ. ನಾವು ಗೋಲು ಹೊಡೆಯಲಿಲ್ಲ, ಅವರೂ ಹೊಡೆಯಲಿಲ್ಲ. ಮಾಮಾ ಬಯಲಿನ ಅಂಚಿನಲ್ಲಿ ಕುಂಟುತ್ತ ಓಡಾಡಿ ಗಂಟಲು ಹರಿದುಕೊಂಡ. ಹೊತ್ತು ಇಳಿಯಿತು, ರೆಫರಿ ಗಡಿಯಾರ ನೋಡತೊಡಗಿದ. ಸಮ ಆದರೆ ಏನು ಎಂಬುದನ್ನು ಮಾಮಾ ಹೇಳಿರಲಿಲ್ಲ, ಆದರೆ ಅವನ ಮುಖ ಹೇಳುತ್ತಿತ್ತು, ಸಮ ಆದರೂ ಲಾರಿಯೇ ಗತಿ.

ಆಗ ಬಲಗಡೆಯಿಂದ ಒಂದು ಚೆಂಡು ನೆಲಕ್ಕಂಟಿ ಉರುಳುತ್ತ ಗೋಲಿನ ಮುಂದೆ ಬಂತು. ಜೇವರ್ಗಿ ಸರಿಯಾದ ಜಾಗದಲ್ಲಿದ್ದ. ಕಾಲು ಎತ್ತಿದ. ಅವರ ಗೋಲು ಕಾಯುವ ಗೋಲಿ, ಗೂಳಿಯಂಥ ಆಳು, ಆ ಕಾಲು ತಿರುಗಿದ ದಿಕ್ಕಿಗೆ ಆಗಲೇ ಜಿಗಿದಿದ್ದ.

“ಬಿಡ್ಲೇ!” ಎಂದು ಮಾಮಾ ಕೂಗಿದ.

ಜೇವರ್ಗಿ ಬಿಟ್ಟ, ನಾಕಾದ ಜವಾನ ಲಾರಿ ಬಿಟ್ಟ ಹಾಗೆ. ಎತ್ತಿದ ಕಾಲನ್ನು ಎತ್ತಿದಂತೆಯೇ ಚೆಂಡಿನ ಮೇಲಿಂದ ದಾಟಿಸಿ, ಕೈ ಕಟ್ಟಿ ನಿಂತ. ಚೆಂಡು ಅವನ ಕಾಲ ಕೆಳಗಿನಿಂದ ಹಾದು, ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ ಗೋಲಿಯ ಪಾದದ ಹತ್ತಿರ ಹಾದು, ಯಾವ ಅವಸರವೂ ಇಲ್ಲದೆ ಉರುಳುತ್ತ ಗೋಲಿನ ಎರಡು ಬಿದಿರು ಕಂಬಗಳ ನಡುವೆ ಹೋಗಿ ನಿಂತಿತು.

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಮಾಮಾ ಜೇವರ್ಗಿಗೆ ಹೊಡೆಯಲು ಕೈ ಎತ್ತಿಕೊಂಡು ಬಯಲಿನೊಳಗೆ ನುಗ್ಗಿದ್ದ. ಅಷ್ಟರಲ್ಲಿ ರೆಫರಿ ಸೀಟಿ ಊದಿದ, ಜನ ಕೂಗಿದರು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ತಲೆ ತುರಿಸಿಕೊಂಡ.

ಅಫಜಲಪುರದವರು ದೊಡ್ಡ ಮನಸ್ಸಿನ ಜನ. ಸೋತೆವು ಅನ್ನುವುದನ್ನೂ ಮರೆತು ಮಾಮಾನನ್ನು ಸುತ್ತಿಕೊಂಡರು. ಅವನ ಮಾವ ಕುರ್ಚಿ ಬಿಟ್ಟು ಓಡಿ ಬಂದು ಅಪ್ಪಿಕೊಂಡ. “ಏನ್ ಚಾಲಾಕಿ ರೀ ಅಳಿಯಂದ್ರ! ಹೊಡಿ ಅಂತ ಯಾರರ ಅಂತಾರ, ಬಿಡು ಅನ್ಲಿಕ್ಕೆ ಎದಿ ಬೇಕು. ಇಂಥಾ ಉಸ್ತಾದಿ ನಾ ಎಲ್ಲೂ ನೋಡಿಲ್ಲ.” ನಾನು ಬಾಯಿ ತೆರೆಯಬೇಕೆಂದಿದ್ದೆ. ಮಾಮಾ ನನ್ನ ಕಡೆ ನೋಡಿದ. ಅವತ್ತು ಮೊದಲ ಬಾರಿಗೆ ಅವನ ಕಣ್ಣು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಯಿತು. ಬಾಯಿ ಮುಚ್ಚಿಕೊಂಡೆ.

ಆ ಒಂದು ಗೋಲಿನಿಂದ ಮಾಮಾ ಮೂರು ತಾಲೂಕಿಗೆ ದೊಡ್ಡ ಉಸ್ತಾದನಾದ. ಅಲ್ಲಿಗೇ ನಿಂತದ್ದು ಅವನ ಪುಣ್ಯ. ಮುಂದಿನ ಬೇಸಿಗೆಯೊಳಗೆ ಊರುಗಳಲ್ಲಿ ಹೆದರಿಕೆ ಹೆಚ್ಚಿ ನಮ್ಮ ಟೀಮಿನ ಅರ್ಧ ಹುಡುಗರು ಮನೆಯವರ ಜೊತೆ ಗಡಿ ದಾಟಿ ಸೋಲಾಪುರದ ಕಡೆ ಹೋದರು. ಕೆಲವರು ತಿರುಗಿ ಬರಲೇ ಇಲ್ಲ. ಹಾಗಾಗಿ ಅವನಿಗೆ ಸೋತ ಉಸ್ತಾದನಾಗುವ ಸಂದರ್ಭ ಬರಲೇ ಇಲ್ಲ. ಮೊಮ್ಮಕ್ಕಳ ಪ್ರಶ್ನೆಗೆ ನಾನು ಇಷ್ಟನ್ನು ಹೇಳಬಲ್ಲೆ. ದೊಡ್ಡ ಆಟಗಾರನಿಗೆ ಗೊತ್ತಿರುವುದೆಲ್ಲ ಕಾಲಿನಲ್ಲಿ ಇರುತ್ತದೆ, ಬಾಯಿಗೆ ಅದರ ಸುದ್ದಿಯೇ ಇರುವುದಿಲ್ಲ.

ಆಟ ಗೆದ್ದ ಆ ರಾತ್ರಿಯ ಊಟ ವ್ಯಾಪಾರಿಯ ಪಡಸಾಲೆಯಲ್ಲಿ. ಸಾಲಾಗಿ ಕೂತೆವು. ಅತ್ತಿಯೇ ರೊಟ್ಟಿ ಬಡಿಸುತ್ತ ಬಂದಳು. ಜೇವರ್ಗಿಯ ತಟ್ಟೆಗೆ ಒಂದು ಹಾಕಿದಳು, ನನ್ನ ತಟ್ಟೆಗೆ ಹಿಂಡಿ ಹೆಚ್ಚಾಗಿ ಹಾಕಿದಳು, ಮಾಮಾನ ಮುಂದೆ ನಿಂತಳು.

“ಆ ಹುಡುಗಗ ಹೊಡಿ ಅಂದ್ರೋ, ಬ್ಯಾಡ ಅಂದ್ರೋ?”

ಮಾಮಾ ತಟ್ಟೆ ನೋಡಿದ. ಅವಳ ಅಪ್ಪ ದೂರದಲ್ಲಿ ಯಾರಿಗೋ ಆ ಗೋಲನ್ನು ಇನ್ನೊಮ್ಮೆ ವರ್ಣಿಸುತ್ತಿದ್ದ.

“ಹೊಡಿ ಅಂದೆ,” ಅಂದ ಮಾಮಾ, ಮೆಲ್ಲಗೆ.

“ಹಂಗಾರ ಅವತ್ತು ನನಗ ಬಿಡು ಅಂದ್ರಲ್ಲ, ಅದು ಯಾವ ಬಿಡುರಿ?”

ಅವನ ಕಿವಿ ಕೆಂಪಾದವು. “ಆ ಮಾತು ಬಿಡು ಅಂತ. ಹೋಗಬ್ಯಾಡ ಅಂತ.”

ಅತ್ತಿ ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ಓಣಿಯ ಎರಡೂ ಪಕ್ಷಗಳು ಒಟ್ಟಿಗೇ ಸೋತದ್ದು ನನಗೆ ಆಗ ಹೊಳೆಯಿತು, ಯಾರೂ ಸುಳ್ಳು ಹೇಳಿರಲಿಲ್ಲ.

“ನಾಳೆ ಲಾರಿ ಹೊಂಟೈತಂತ,” ಅಂದಳು ಅವಳು. “ನಾನೂ ಬರ್ಲೇನು?”

ಮಾಮಾ ಬಾಯಿ ತೆರೆದ. ತುಟಿ ಕೂಡಿದವು, ‘ಬ’ ಬರುವುದು ಕಾಣಿಸಿತು. ಜೇವರ್ಗಿಯ ತುತ್ತು ಕೈಯಲ್ಲೇ ನಿಂತಿತು. ಪಕ್ಕದಲ್ಲೇ ಕೂತಿದ್ದ ನಾನು ಮಾಮಾನ ನೆಟ್ಟಗಿದ್ದ ಕಾಲನ್ನು ಮೊಣಕಾಲಿನಿಂದ ಬಲವಾಗಿ ಒತ್ತಿದೆ.

“ಬಾ,” ಅಂದ.

ಅತ್ತಿ ಬಗ್ಗಿ ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.

“ಹೀಂಗ,” ಅಂದಳು.