ದಸ್ತಗೀರನ ಪಾಲಿಮರ್‌ಗೆ ನಾನು ಕೊಟ್ಟ ಬಿಸಿ

ದಸ್ತಗೀರಾ, ನಿನ್ನ ಪಾಲಿಮರನ್ನು ಕೆಡಿಸಿದವ ನಾನು. ಕೆಡಿಸಿ, ಸುಳ್ಳು ಹೇಳಿದವನೂ ನಾನೇ.

ಎಂಬತ್ತರ ದಶಕ. ಇಬ್ಬರೂ ಸವಣೂರಿನವರು, ಒಂದೇ ಲ್ಯಾಬಿನಲ್ಲಿ ಸಂಶೋಧನೆ. ನಿನಗೊಂದು ನಂಬಿಕೆ— ಸರಪಳಿಯಂಥ ಉದ್ದ ಅಣುವಿಗೆ ಬಿಲ್ಲೆಯಾಕಾರದ ಅಣುಗಳನ್ನು ಪಕ್ಕಕ್ಕೆ ತೂಗುಬಿಟ್ಟರೂ ಅವು ಒಂದರ ಮೇಲೊಂದು ಕೂತು ಕಂಬ ಕಟ್ಟುತ್ತವೆ ಎಂದು. ಗೈಡ್ ನಂಬಲಿಲ್ಲ. ವರ್ಷವಿಡೀ ದುಡಿದು ನೀನು ತಯಾರಿಸಿದ್ದು ಒಂದು ಚಿಟಿಕೆ. ಅದನ್ನು ಹದವಾಗಿ ಬಿಸಿ ಮಾಡಿ ಎಕ್ಸ್-ರೇ ಹಾಯಿಸಿ ನೋಡುವ ಕೆಲಸ ನನ್ನದು. ಕಂಬಗಳಿದ್ದರೆ ಫಿಲ್ಮಿನಲ್ಲಿ ಗೆರೆ ಎಳೆದಂಥ ಸ್ಪಷ್ಟ ಉಂಗುರಗಳು. ಇಲ್ಲದಿದ್ದರೆ ಬರೀ ಮಸುಕು ಬಳೆ.

ಬಿಸಿ ಹೆಚ್ಚಾದರೆ ಕಂಬ ಕರಗುತ್ತವೆಂದು ಎಚ್ಚರಿಸಿದ್ದೆ ನೀನು. ನನಗೋ ಬೇರೆಯೇ ಚಿಂತೆ— ತಣ್ಣಗಾಗಿ ಗಟ್ಟಿಯಾಗಿಬಿಟ್ಟರೆ? ಚಹಾ ಆರೀತೆಂದು ಅವಸರ ಮಾಡಿ ಬಾಯಿ ಸುಟ್ಟುಕೊಳ್ಳುವ ಪೈಕಿ ನಾನು. ಇರಲಿ ಅಂತ ಸ್ವಲ್ಪ ಏರಿಸಿದೆ. ಮತ್ತೂ ಸ್ವಲ್ಪ. ತೆಗೆದು ನೋಡಿದರೆ ಗಾಜಿನ ಸಣ್ಣ ಕೊಳವೆಯೊಳಗೆ ನಿನ್ನ ಹಳದಿ ಪುಡಿಯೆಲ್ಲ ಕಂದಿ ಬೆಲ್ಲದ ಪಾಕದಂತಾಗಿತ್ತು. ಫಿಲ್ಮಿನಲ್ಲಿ ಮಸುಕು ಬಳೆ. ಕೊಳವೆಯನ್ನು ಎಸೆದುಬಿಟ್ಟೆ.

ರಜೆಯಲ್ಲಿ ನಿಮ್ಮ ಮನೆಯ ಕಟ್ಟೆಯ ಮೇಲೆ, ಪಕ್ಕದಲ್ಲಿ ನಿಮ್ಮ ಅಬ್ಬಾ ವೀಳ್ಯದೆಲೆ ಜೋಡಿಸುತ್ತಿದ್ದಾಗ, ಆ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದೆ ನೀನು. ಬಹಳ ಹೊತ್ತು.

"ಲೇ ಅಂಜುಬುರುಕ ಆಚಾರ್ಯಾ, ಬಿಸಿ ಎಷ್ಟಿಟ್ಟಿದ್ದಿ?"

"ನೀ ಹೇಳಿದಷ್ಟ."

ನೀನು ಮತ್ತೆ ಕೇಳಲಿಲ್ಲ. ಅನುಮಾನಪಟ್ಟಿದ್ದರೆ, ನಾಲ್ಕು ಬೈದಿದ್ದರೆ ಬಹುಶಃ— ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ಸಂಶೋಧನೆ ಬಿಟ್ಟು ನೀನು ಹಿರೇಕೆರೂರಿನಲ್ಲಿ ವಿಜ್ಞಾನದ ಮಾಸ್ತರನಾದೆ.

ಮುಂದೆ ಬೇರೆ ಯಾರೋ ಅಂಥದೇ ಪಾಲಿಮರ್‌ನಲ್ಲಿ ಕಂಬಗಳನ್ನು ಕಂಡರೆಂದು ಓದಿದೆ. ಅಂಥದೇ— ಅದೇ ಅಲ್ಲ. ನಿನ್ನದರಲ್ಲಿ ಇದ್ದವೋ, ಇಲ್ಲವೋ? ಇಂದಿಗೂ ತಿಳಿಯದು. ಇದ್ದಿರಲಿಕ್ಕಿಲ್ಲ ಎಂದು ಒಂದು ದಿನ ಸಮಾಧಾನ. ಹಾಗಾದರೆ ಸುಳ್ಳು ಯಾಕೆ ಬೇಕಿತ್ತು ಎಂದು ಮರುದಿನ ಗಲಿಬಿಲಿ. ಯಾವ ಸತ್ಯವನ್ನು ಮುಚ್ಚಿಟ್ಟೆನೆಂಬುದೂ ಗೊತ್ತಿಲ್ಲದ ಕಳ್ಳ ನಾನು.

ಮೊನ್ನೆ ನಿನ್ನ ಶಾಲೆಗೆ ಕರೆಸಿಕೊಂಡೆಯಲ್ಲ. ಮಕ್ಕಳೆದುರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: "ನಾ ತಪ್ಪು ತಿಳಕೊಂಡಿದ್ದೆ. ಈ ನನ್ನ ದೋಸ್ತ ದಾಕ್ಷಿಣ್ಯ ಮಾಡಲಿಲ್ಲ, ಇದ್ದದ್ದು ಇದ್ದಂಗ ತೋರಿಸಿದ. ವಿಜ್ಞಾನ ಅಂದ್ರ ಇದು." ಮಕ್ಕಳು ಚಪ್ಪಾಳೆ ತಟ್ಟಿದರು. ನಾನು— ನಾನು ಕೈಮುಗಿದೆ.

ಇದನ್ನೋದಿ ನೀನು ಏನಂದುಕೊಂಡರೂ ಸರಿಯೇ. ಸೋಮವಾರ ಹಿರೇಕೆರೂರಿಗೆ ಬರುತ್ತೇನೆ. ಅದೇ ಕ್ಲಾಸಿಗೆ ಕರಕೊಂಡು ಹೋಗು. ನೀನು ಮಕ್ಕಳ ಜೊತೆ ಬೆಂಚಿನ ಮೇಲೆ ಕೂತಿರು, ಹೇಳುವವನು ನಾನು.