ಸಿಸ್ಟರ್ ಪಿಲಾರ್ ಅವರ ಮೂರನೆಯ ‘ಟಕ್’

ಟಕ್. ಟಕ್. ಟಕ್. ಸಿಸ್ಟರ್ ಪಿಲಾರ್ ಬೆರಳಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದ ಸದ್ದು ಇಷ್ಟು ವರ್ಷವಾದರೂ ನನ್ನ ಕಿವಿಯಲ್ಲಿದೆ. ಮೊದಲ ಟಕ್ಕಿಗೆ ಒಂದು ಪದದ ಗ್ರೀಕ್ ಮೂಲ, ಎರಡನೆಯದಕ್ಕೆ ಅವರ ತಾಯ್ನುಡಿ ಸ್ಪ್ಯಾನಿಷ್. ಎರಡನ್ನೂ ಅವರೇ ಹೇಳುವರು. ಮೂರನೆಯದಕ್ಕೆ ನಾವು ಹುಡುಗಿಯರೆಲ್ಲ ಇಂಗ್ಲಿಷ್ ಪದ ಕೂಗಬೇಕು.

ಸ್ಪೇನಿನಿಂದ ಮುನಿರಾಬಾದ್ ಕಡೆಯ ನಮ್ಮ ಕಾನ್ವೆಂಟಿಗೆ ಬಂದ ಅವರಿಗೆ ಕನ್ನಡ ಕಲಿಸಿದವಳು ಅಡುಗೆಯ ಯಲ್ಲವ್ವ. ಹಾಗಾಗಿ ಇಂಗ್ಲಿಷ್ ಗ್ರಾಮರಿನಲ್ಲಿ ಸಿಸ್ಟರ್ ಭಾರೀ ಸ್ಟ್ರಿಕ್ಟ್ ಆದರೂ, ಕನ್ನಡ ಮಾತ್ರ ಯಲ್ಲವ್ವನ ಅಪ್ಪಟ ಯಲಬುರ್ಗಾದ್ದು.

“ಸ್ಖೋಲೆ ಅಂದ್ರ ಗ್ರೀಕಿನ್ಯಾಗ ಬಿಡುವು. ನಮ್ಮ ಎಸ್ಕುಯೆಲಾ, ನಿಮ್ಮ ಸ್ಕೂಲ್, ಎಲ್ಲಾ ಅದರ ಮಕ್ಕಳು.”

“ಬಿಡುವಂದ್ರ ಮನೀಗೆ ಹೋಗ್ಲೇನ್ರಿ ಸಿಸ್ಟರ್?” ಎಂದಿದ್ದೆ ನಾನು.

“ಕುಂಡ್ರ ಸುಮ್ನ! ನಿನ್ನ ಬಾಯಿಗೆ ಬಿಡುವಿಲ್ಲ.”

ರಿಟೈರ್ ಆದಮೇಲೂ ಅವರು ಅಲ್ಲೇ ಉಳಿದರು. ಹಿತ್ತಲಿನ ಬೇವಿನ ಕೆಳಗೆ ಇಬ್ಬರು ಸಿಸ್ಟರ್‌ಗಳ ಸಮಾಧಿಗಳಿವೆ. “ಬಾಜೂಕ ಖಾಲಿ ಐತಿ ನೋಡು, ಅದು ನನ್ನ ಜಾಗಾ. ಸ್ಪೇನಿನ್ಯಾಗ ನನ್ನ ಹೆಸರು ಹಿಡಿದು ಕರಿಯೋರು ಯಾರೂ ಉಳಿದಿಲ್ಲ,” ಎನ್ನುತ್ತಿದ್ದರು.

ಹೋದ ವರ್ಷ ಸ್ಟ್ರೋಕ್ ಆಗಿ ಮಾತು ನಿಂತಿತು. ದೂರದ ಸಿಟಿಯಲ್ಲಿರುವ, ಕಾಯಿಲೆಯ ಸಿಸ್ಟರ್‌ಗಳ ಹೋಮಿಗೆ ಕಳಿಸಿ ಎಂದು ಮೇಲಿನಿಂದ ಪತ್ರ ಬಂತು. ಯಲ್ಲವ್ವ ಫೋನ್ ಮಾಡಿ ಅತ್ತಳು. ಕೊಪ್ಪಳದಿಂದ ಬಸ್ ಹಿಡಿದು ಓಡಿದೆ.

“ಇಲ್ಲೇ ಇರ್ತೀನಿ ಅಂತ ಅವರ ಬಾಯಿಂದ ಬರಲಿ ಮೇಡಂ, ನಾನೇ ಮೇಲಕ್ಕೆ ಬರೀತೀನಿ,” ಎಂದರು ಕಾನ್ವೆಂಟಿನ ಮುಖ್ಯಸ್ಥೆಯಾಗಿ ಬಂದಿದ್ದ ಹೊಸ ಮದರ್.

ಏನು ಕೇಳಿದರೂ ಸಿಸ್ಟರ್ ಬರೀ ನೋಡಿದರು. ಬೇರೇನೂ ತೋಚದೆ ಮಂಚದ ಪಟ್ಟಿಯ ಮೇಲೆ ಕುಟ್ಟಿದೆ. ಟಕ್. “ಕೊಯ್ಮೆಟೇರಿಯೋನ್,” ಎಂದೆ. ಗ್ರೀಕಿನಲ್ಲಿ ಮಲಗುವ ತಾಣ ಎಂದರ್ಥ, ಅವರೇ ಕಲಿಸಿದ್ದು. ಮತ್ತೊಂದು ಟಕ್. ಒಣಗಿದ ತುಟಿ ಅಲುಗಿತು.

“ಥೆಮೆಂತೇರಿಯೋ.” ಸ್ಪ್ಯಾನಿಷಿನಲ್ಲಿ ಸಮಾಧಿಯ ಜಾಗ ಎಂದು ಅರ್ಥ ಹೇಳಿದೆ.

“ಕೇಳಿದ್ರೇನ್ರಿ ಮದರ್? ಇಲ್ಲೇ ಮಣ್ಣು ಮಾಡ್ರಿ ಅನ್ನಾಕತ್ತಾರ!” ಯಲ್ಲವ್ವ ಸೆರಗನ್ನು ಬಾಯಿಗೊತ್ತಿಕೊಂಡಳು.

ಮದರ್ ನನ್ನ ಕಡೆ ತಿರುಗಿದರು. “ಇನ್ನೊಂದು ಪದ ಕೇಳಿ.”

“ಸ್ಖೋಲೆ,” ಎಂದು ಕುಟ್ಟಿದೆ. ಮತ್ತೆ ಕುಟ್ಟಿದೆ.

“ಎಸ್ಕುಯೆಲಾ,” ಎಂದರು ಸಿಸ್ಟರ್, ಅದೇ ದನಿಯಲ್ಲಿ.

“ಪಾಠ ಒಪ್ಪಿಸ್ತಿದ್ದಾರೆ, ಅಷ್ಟೇ,” ಎಂದರು ಮದರ್, ಮೆತ್ತಗೆ.

ಅವರನ್ನು ಬೇರೆ ಹೇಗಾದರೂ ಕೇಳಬಹುದಿತ್ತೇನೋ. ನನಗೆ ಬರುತ್ತಿದ್ದುದು ಅದೊಂದೇ.

ಮಧ್ಯಾಹ್ನ ಆಂಬುಲೆನ್ಸ್ ಬಂತು. ಬಾಗಿಲು ಮುಚ್ಚಿದ ಮೇಲೆ ಸಿಸ್ಟರ್ ಸ್ವಾಧೀನ ತಪ್ಪದ ಒಂದು ಕೈಯೆತ್ತಿ ಒಳಗಿನಿಂದ ಗಾಜಿಗೆ ಕುಟ್ಟಿದರು. ಒಂದೇ ಟಕ್. ಅದು ಬಾಕಿ ಉಳಿದಿದ್ದ ಮೂರನೆಯದು, ಇಂಗ್ಲಿಷ್ ನಾನು ಹೇಳಬೇಕು. ಸ್ಕೂಲೋ, ಸೆಮೆಟರಿಯೋ? ಯಾವುದೆಂದು ತಿಳಿಯಲಿಲ್ಲ. ಅವರ ಕಣ್ಣು ನನ್ನ ಬಾಯಿಯ ಮೇಲಿದ್ದಾಗಲೇ ಗಾಡಿ ಹೊರಟಿತು.