ನಾನು ಬರೆದ ಜನ್ಮದಿನಾಂಕ

ನಾನು ಇಪ್ಪತ್ತಾರು ವರ್ಷ ಪಾಠ ಮಾಡಿದ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕವನ್ನು ಹೊರಗಿನವರು ಯಾರಾದರೂ ತೆರೆದು ನೋಡಿದ್ದರೆ, ಬಾಗಲಗುಂಟೆ ಸುತ್ತಮುತ್ತಲ ಹೆಂಗಸರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆರುತ್ತಿದ್ದರು ಎಂದುಕೊಳ್ಳುತ್ತಿದ್ದರು. ಪುಟದ ಮೇಲೆ ಪುಟ, ಜನ್ಮದಿನಾಂಕ ಜೂನ್ ಒಂದು. ಒಂದನೇ ತರಗತಿಗೆ ಸೇರುವ ಮಗುವಿಗೆ ಆ ದಿನಕ್ಕೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು ಎಂಬುದು ಆಗಿನ ನಿಯಮ. ಕಟ್ಟಡದ ಕೆಲಸದ ಶೆಡ್ಡಿನಲ್ಲೋ ಅಜ್ಜಿಯ ಮನೆಯಲ್ಲೋ ಹುಟ್ಟಿದ ಮಕ್ಕಳಿಗೆ ಜನನ ಪತ್ರ ಎಲ್ಲಿಂದ ಬರಬೇಕು? ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದೆವು. ಮುಟ್ಟಿದರೆ ಆರು ವರ್ಷ, ಜೂನ್ ಒಂದು. ನನ್ನದೂ ಅದೇ ತಾರೀಖು, ನಮ್ಮೂರಿನ ಮೇಷ್ಟ್ರು ಬರೆದದ್ದು. ಯಾರಿಗೂ ಇದು ಸುಳ್ಳು ಅನ್ನಿಸುತ್ತಿರಲಿಲ್ಲ.

ಒಂದು ವರ್ಷ ಸೇರಲು ಬಂದ ಒಬ್ಬ ಹುಡುಗನ ಕೈ ಮಾತ್ರ ಕಿವಿಗೆ ಎಟುಕಲಿಲ್ಲ. ಅವನ ತಾಯಿ ದಾಸರಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು, ತುಮಕೂರಿನ ಹತ್ತಿರದ ಹಳ್ಳಿಯಿಂದ ಬಂದಿದ್ದಳು. ಗಂಡ ಬಿಟ್ಟು ಹೋಗಿದ್ದ. ಮಗನನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತು, "ಇವ್ನಿಗೆ ಇನ್ನೂ ಐದೇ ಮಿಸ್, ಉಗಾದಿ ಆಗಿ ಎಂಟು ದಿನಕ್ಕೆ ಉಟ್ದೋನು. ಅಂಗನ್‌ವಾಡೀಲೇ ಇನ್ನೊಂದ್ ವರ್ಸ ಇರ್ಲಾ?" ಎಂದು ಕೇಳಿದಳು. ಚೆನ್ನಾಗಿ ನೆನಪಿದೆ. ಕೇಳಿದ್ದು ಅವಳು. ಬೇಡ ಅಂದಿದ್ದು ನಾನು.

ಯಾಕೆ ಬೇಡ ಅಂದೆ ಎಂದು ಈಗ ಹೇಳಿಬಿಡುತ್ತೇನೆ. ಆ ವರ್ಷ ಒಂದನೇ ತರಗತಿಗೆ ಮಕ್ಕಳೇ ಇರಲಿಲ್ಲ. ಬೀದಿಗೊಂದು ಇಂಗ್ಲಿಷ್ ಮೀಡಿಯಂ ಶಾಲೆ ಎದ್ದಿತ್ತು. ಮಕ್ಕಳ ಸಂಖ್ಯೆ ಕಮ್ಮಿಯಾದರೆ ಒಬ್ಬ ಟೀಚರನ್ನು 'ಹೆಚ್ಚುವರಿ' ಎಂದು ಗುರುತಿಸಿ ಎಲ್ಲಿಗೋ ಎತ್ತಿ ಹಾಕುತ್ತಾರೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದಾಗುತ್ತಿತ್ತು. ನನಗೆ ವಿದ್ಯಾರಣ್ಯಪುರದಲ್ಲಿ ಮನೆ, ಹಾಸಿಗೆ ಹಿಡಿದ ಅತ್ತೆ, ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಗೆ ಶಾಲೆ. ಅಂದು ನನಗೆ ಕಂಡದ್ದು ಆ ಮಗು ಅಲ್ಲ, ದಾಖಲಾತಿಯಲ್ಲಿ ಒಂದು ಸಂಖ್ಯೆ. "ಕುತ್ತಿಗೆ ಸ್ವಲ್ಪ ಬಗ್ಗಿಸು ಮರಿ" ಅಂದೆ. ಬಗ್ಗಿಸಿದ. ಬೆರಳ ತುದಿ ಕಿವಿಗೆ ತಾಗಿತು. ಜೂನ್ ಒಂದು ಎಂದು ಬರೆದು, ಹುಟ್ಟಿದ ವರ್ಷವನ್ನೂ ಒಂದು ಹಿಂದೆ ಹಾಕಿ, ತಾಯಿಯ ಸಹಿ ತೆಗೆದುಕೊಂಡೆ. ಅವಳಿಗೆ ಸಹಿ ಮಾಡಲಷ್ಟೇ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹುಡುಗನಿಗೆ ಹತ್ತು ತಿಂಗಳು ವಯಸ್ಸು ಹೆಚ್ಚಾಯಿತು. ನಾನು ಅದೇ ಶಾಲೆಯಲ್ಲಿ ಉಳಿದೆ.

ಹುಡುಗ ಬುದ್ಧಿವಂತ ಅಂತೇನೂ ಅಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವನಾದ್ದರಿಂದ ಎಲ್ಲರ ಕೈಗೂ ಸಿಗುತ್ತಿದ್ದ, ಏಟು ತಿನ್ನುತ್ತಿದ್ದ. ಯಾರೋ ತಳ್ಳಿದರು, ಯಾರೋ ಪೆನ್ಸಿಲ್ ಕಿತ್ತುಕೊಂಡರು ಎಂದು ದಿನಾ ನನ್ನ ಮುಂದೆ ದೂರು. "ನೀನೂ ಸ್ವಲ್ಪ ಗಟ್ಟಿಯಾಗೋ" ಎಂದು ಎಷ್ಟು ಸಲ ಗದರಿಸಿದ್ದೇನೋ. ಏಳನೆಯದು ಮುಗಿಸಿ ಹೈಸ್ಕೂಲಿಗೆ ಹೋದ. ನಾನು ಬರೆದ ತಾರೀಖು ಟಿ.ಸಿ. ಜೊತೆ ಅಲ್ಲಿಗೂ ಹೋಯಿತು. ಹತ್ತನೆಯದಕ್ಕೆ ಪರೀಕ್ಷೆಗೆ ಕೂರದೆ ಬಿಟ್ಟ ಎಂದು ಯಾರೋ ಹೇಳಿದರು. ಅಯ್ಯೋ ಅಂದೆ, ಮರೆತೆ.

ಆಮೇಲೆ ಒಂದು ಆಗಸ್ಟ್ ತಿಂಗಳಲ್ಲಿ ಅವನು ಒಬ್ಬನನ್ನು ಕೊಂದ.

ಸತ್ತವನು ಪಕ್ಕದ ಬೀದಿಯ ಹತ್ತೊಂಬತ್ತರ ಹುಡುಗ. ಹಿಂದಿನ ದಿನ ಮೈದಾನದಲ್ಲಿ ಇವನ ಶರ್ಟು ಬಿಚ್ಚಿಸಿ, ಕೆನ್ನೆಗೆ ಹೊಡೆದು, ಕಿವಿ ಹಿಡಿಸಿ ಬಸ್ಕಿ ಹೊಡೆಸಿದ್ದನಂತೆ. ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದ್ದರಂತೆ. ಮಾರನೆಯ ಸಂಜೆ ಇವನು ಮನೆಯ ಚಾಕು ತೆಗೆದುಕೊಂಡು ಹೋದ. ಒಂದೇ ಏಟು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಹುಡುಗ ಹೋಗಿಬಿಟ್ಟಿದ್ದ. ಆ ಮನೆಯವರ ಗೋಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಸತ್ತವನ ತಂದೆ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಮಗನ ಚಪ್ಪಲಿ ತೋರಿಸುತ್ತಿದ್ದರು. ಇದನ್ನೆಲ್ಲ ಬರೆಯುವಾಗ ಆ ಮನೆಯನ್ನು ಮರೆತಿದ್ದೇನೆ ಎಂದು ಯಾರೂ ತಿಳಿಯಬಾರದು.

ಎರಡು ತಿಂಗಳ ಮೇಲೆ ನನಗೆ ಬಾಲ ನ್ಯಾಯ ಮಂಡಳಿಯಿಂದ ನೋಟೀಸು ಬಂತು. ಅಷ್ಟು ಹೊತ್ತಿಗೆ ನಾನು ಅದೇ ಶಾಲೆಯ ಮುಖ್ಯ ಶಿಕ್ಷಕಿ, ನಿವೃತ್ತಿಗೆ ಏಳು ತಿಂಗಳು ಬಾಕಿ. ಮೂಲ ದಾಖಲಾತಿ ಪುಸ್ತಕದೊಂದಿಗೆ ಹಾಜರಾಗಬೇಕು ಎಂದಿತ್ತು. ಹುಡುಗನ ಪರ ಸರ್ಕಾರವೇ ಕೊಟ್ಟಿದ್ದ ವಕೀಲೆ ಫೋನು ಮಾಡಿ ವಿಷಯ ಬಿಡಿಸಿ ಹೇಳಿದರು. ಹದಿನಾರು ತುಂಬದವನಾದರೆ, ಕೊಲೆಯೇ ಮಾಡಿರಲಿ, ಮಂಡಳಿಯಲ್ಲೇ ತೀರ್ಮಾನ. ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿಟ್ಟು ತಿದ್ದಿ ಕಳಿಸುತ್ತಾರೆ. ಹದಿನಾರು ತುಂಬಿದ್ದರೆ ಮಾತ್ರ ಅವನ ಮನಸ್ಸು ಎಷ್ಟು ಬೆಳೆದಿದೆ ಎಂದು ಅಳೆದು, ದೊಡ್ಡವರಂತೆಯೇ ವಿಚಾರಣೆ ಮಾಡಲು ಬೇರೆ ನ್ಯಾಯಾಲಯಕ್ಕೆ ಕಳಿಸಬಹುದು. ನನ್ನ ಪುಸ್ತಕದ ಪ್ರಕಾರ ಕೊಲೆಯ ದಿನ ಅವನಿಗೆ ಹದಿನಾರು ವರ್ಷ ಎರಡು ತಿಂಗಳು. ನಿಜಕ್ಕೆ ಹದಿನೈದು ವರ್ಷ ನಾಲ್ಕು ತಿಂಗಳು.

"ತಾಯಿ ಹತ್ರ ತಾಯಿ ಕಾರ್ಡ್ ಇದೆ ಮೇಡಂ, ಚುಚ್ಚುಮದ್ದಿನ ತಾರೀಖೆಲ್ಲ ಇದೆ" ಎಂದರು ವಕೀಲೆ. "ಆದ್ರೆ ಸ್ಕೂಲ್ ರೆಕಾರ್ಡ್ ಇದ್ರೆ ಕಾನೂನು ಮೊದ್ಲು ಅದನ್ನೇ ನೋಡುತ್ತೆ. ನೀವು ಅಂದಾಜಲ್ಲಿ ಬರೆದಿದ್ದು ಅಂತ ಹೇಳಿದ್ರೆ ನಮಗೊಂದು ದಾರಿ ಸಿಗುತ್ತೆ."

ಹೇಳುತ್ತೇನೆ ಎಂದೇ ಅಂದುಕೊಂಡಿದ್ದೆ. ಮನೆಗೆ ಬಂದು ಗಂಡನ ಮುಂದೆ ಬಾಯಿ ಬಿಟ್ಟೆ. ಅವರು ಪೇಪರು ಮಡಿಸಿಟ್ಟು, "ಜೂನ್ ಒಂದು ಅಂತ ನೀನೇ ಕೈಯಾರೆ ತಪ್ಪು ಬರ್ದೆ ಅಂತ ಕೋರ್ಟಲ್ಲಿ ಹೇಳಿದ್ರೆ ಇಲಾಖೆ ಸುಮ್ನೆ ಇರುತ್ತಾ? ವಿಚಾರಣೆ ಕೂರಿಸಿದ್ರೆ ಪಿಂಚಣಿ ಕಡತ ಅಲ್ಲೇ ನಿಲ್ಲುತ್ತೆ. ಸುಮ್ನೆ ಮೈಮೇಲೆ ಎಳ್ಕೋಬೇಡ. ಪೋಷಕರು ಹೇಳಿದ್ರು, ಬರ್ಕೊಂಡೆ ಅನ್ನು. ಅವಳ ಸಹಿ ಇದೆ ತಾನೇ?" ಎಂದರು. ಕೆಟ್ಟ ಮನುಷ್ಯರಲ್ಲ. ನಾನು ಮನಸ್ಸಿನಲ್ಲಿ ಹುಡುಕುತ್ತಿದ್ದ ಮಾತನ್ನೇ ಅವರು ಜೋರಾಗಿ ಹೇಳಿದರು ಅಷ್ಟೆ.

ಮಂಡಳಿ ಎಂದರೆ ಸಿನಿಮಾದ ಕೋರ್ಟಿನಂತೆ ಕಟಕಟೆ ಇರುತ್ತದೆ ಎಂದು ತಿಳಿದಿದ್ದೆ. ಒಂದು ಸಾದಾ ಕೋಣೆ. ಉದ್ದನೆಯ ಮೇಜಿನ ಹಿಂದೆ ನ್ಯಾಯಾಧೀಶರು, ಪಕ್ಕದಲ್ಲಿ ಇಬ್ಬರು ಸಮಾಜ ಸೇವಕರು. ಪೊಲೀಸರೂ ಖಾಕಿ ಹಾಕಿರಲಿಲ್ಲ. ಮಗುವಿಗೆ ಭಯವಾಗಬಾರದು ಅಂತ. ಹುಡುಗ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ನಾನು ಪುಸ್ತಕ ಅವಚಿಕೊಂಡು ಒಳಗೆ ಹೋದ ಕೂಡಲೇ ಎದ್ದು ನಿಂತ. ತರಗತಿಯಲ್ಲಿ ಎದ್ದು ನಿಲ್ಲುತ್ತಿದ್ದ ಹಾಗೆಯೇ, ಕೈ ಎರಡೂ ಪಕ್ಕಕ್ಕೆ ಬಿಟ್ಟು. ನಾನು ಕೂತ ಮೇಲೆ ಕೂತ.

ನ್ಯಾಯಾಧೀಶರು ಪುಟ ನೋಡಿ, "ಈ ದಿನಾಂಕಕ್ಕೆ ಆಧಾರ ಏನು?" ಎಂದು ಕೇಳಿದರು.

"ಪೋಷಕರ ಹೇಳಿಕೆಯ ಮೇರೆಗೆ ಬರೆದುಕೊಂಡಿದ್ದು, ಸರ್. ತಾಯಿಯ ಸಹಿ ಇದೆ."

ಬಾಯಿಪಾಠ ಒಪ್ಪಿಸುವವಳ ಹಾಗೆ ಒಪ್ಪಿಸಿದೆ. ವಕೀಲೆ ಎದ್ದು, ಆ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ಅದೇ ತಾರೀಖು ಬರೆಯುತ್ತಿರಲಿಲ್ಲವೇ, ಈ ಹುಡುಗನದ್ದೂ ಅಂದಾಜಲ್ಲವೇ ಎಂದು ಬೇರೆ ಬೇರೆ ರೀತಿ ಕೇಳಿದರು. "ಬೇರೆಯವರದ್ದು ಗೊತ್ತಿಲ್ಲ, ಈ ತಾಯಿ ಹೇಳಿದ್ದರಿಂದ ಬರೆದೆ" ಎಂದೆ. ಹಿಂದಿನ ಬೆಂಚಿನಲ್ಲಿ ಅವನ ತಾಯಿ ಕೂತಿದ್ದಳು. ಪುಸ್ತಕ ತೋರಿಸಿ ಇದು ನಿಮ್ಮ ಸಹಿಯಾ ಎಂದು ಕೇಳಿದರು. "ಔದು ಸರ್, ನಂದೇ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, ತಪ್ಪು ತನ್ನದೇ ಏನೋ ಎಂಬಂತೆ, "ನಾನಾ ಮಿಸ್ ಅಂಗೆ ಏಳಿದ್ದು?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ.

ಮಿಕ್ಕಿದ್ದು ಕಾಗದದಲ್ಲಿ ನಡೆಯಿತು. ಮನಶ್ಶಾಸ್ತ್ರಜ್ಞರು ಅವನ ಜೊತೆ ಕೂತು ಮಾತಾಡಿದರು. ಹಿಂದಿನ ದಿನದ ಸಿಟ್ಟನ್ನು ಇಟ್ಟುಕೊಂಡು ಮಾರನೆಯ ದಿನ ಚಾಕು ತಂದಿದ್ದಾನೆ, ಆದ್ದರಿಂದ ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು ಎಂದು ವರದಿ ಬಂತು. ಪುಸ್ತಕದಲ್ಲಿ ಹದಿನೈದರವನಾಗಿದ್ದರೆ ಈ ವರದಿಯೇ ಬೇಕಿರಲಿಲ್ಲ. ಪ್ರಕರಣ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ದೊಡ್ಡವನೊಬ್ಬನಿಗೆ ಆಗುವಂತೆ ಅವನಿಗೆ ಹತ್ತು ವರ್ಷ ಶಿಕ್ಷೆ ಆಯಿತು. ಇಪ್ಪತ್ತೊಂದು ತುಂಬುವ ತನಕ ಅವನಂಥ ಹುಡುಗರ ಸುರಕ್ಷಿತ ನೆಲೆಯಲ್ಲಿ, ಆಮೇಲೆ ನ್ಯಾಯಾಲಯ ನೋಡಿ ಬಿಡಬೇಕು, ಇಲ್ಲವೇ ದೊಡ್ಡವರ ಜೈಲಿಗೆ ಕಳಿಸಬೇಕು. ಅವನಿಗೆ ಏನೂ ಆಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಜೀವ ಹೋಗಿದೆ. ಆದರೆ ಮಕ್ಕಳಿಗೆ ಬೇರೆ ತಕ್ಕಡಿ ಇರಬೇಕು ಎಂದು ಕಾನೂನು ಅಷ್ಟು ಎಚ್ಚರದಿಂದ ಒಂದು ಗೆರೆ ಎಳೆದಿದ್ದರೆ, ಆ ಹುಡುಗನನ್ನು ಗೆರೆಯ ಆಚೆಗೆ ತಳ್ಳಿದವಳು ನಾನು. ಮೊದಲ ಸಲ ಅವನಿಗೆ ಐದು ವರ್ಷವಾಗಿದ್ದಾಗ, ನನ್ನ ಅನುಕೂಲಕ್ಕೆ. ಎರಡನೆಯ ಸಲ ನ್ಯಾಯಾಧೀಶರ ಮುಂದೆ, ಮತ್ತೆ ನನ್ನ ಅನುಕೂಲಕ್ಕೆ.

ಸಮಯಕ್ಕೆ ಸರಿಯಾಗಿ ನಿವೃತ್ತಳಾದೆ. ಹಾರ ಹಾಕಿದರು, ಶಾಲು ಹೊದಿಸಿದರು, ಸಾವಿರಾರು ಮಕ್ಕಳ ಬದುಕು ರೂಪಿಸಿದವರು ಎಂದು ಭಾಷಣ ಮಾಡಿದರು. ಆ ಮಾತು ಕೇಳುತ್ತ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಆದರೂ ಕೊನೆಯ ತನಕ ಕೂತೆ, ಫೋಟೋಗೂ ನಿಂತೆ.

ಹೋದ ಫೆಬ್ರವರಿಯಲ್ಲಿ ಅವನ ತಾಯಿ ವಿದ್ಯಾರಣ್ಯಪುರದ ನನ್ನ ಮನೆ ಹುಡುಕಿಕೊಂಡು ಬಂದಳು. ನನ್ನನ್ನು ಬಯ್ಯಲು ಬಂದಿದ್ದಾಳೆ ಎಂದುಕೊಂಡೆ. ಅವಳು ಪ್ಲಾಸ್ಟಿಕ್ ಕವರಿನಿಂದ ಹಳೆಯ ತಾಯಿ ಕಾರ್ಡು ತೆಗೆದು ಟೀಪಾಯಿಯ ಮೇಲಿಟ್ಟಳು.

"ಜೂನ್‌ಗೆ ಇಪ್ಪತ್ತೊಂದು ತುಂಬುತ್ತೆ ಅಂತ ದೊಡ್ ಜೈಲಿಗೆ ಆಕ್ತಾರಂತೆ ಮಿಸ್. ಇಪ್ಪತ್ತೊಂದೆಲ್ಲಿ ತುಂಬುತ್ತೆ? ಈ ಉಗಾದಿಗೆ ಇಪ್ಪತ್ತು. ನೀವು ಓದ್ದೋರು, ಯಾರ್ಗಾದ್ರೂ ಒಂದ್ ಮಾತು ಏಳಿ."

"ಅವನು ಹೇಗಿದ್ದಾನೆ?" ಎಂದೆ.

"ನಂಗೇನ್ ಗೊತ್ತು ಮಿಸ್. ನನ್ ಮಕ ನೋಡಲ್ಲ ಅಂತಾನೆ. ನೀನ್ ಸುಳ್ ವಯಸ್ಸು ಏಳಿ ಸ್ಕೂಲಿಗ್ ಆಕಿದ್ಕೇ ನಂಗಿಂಗಾಯ್ತು ಅಂತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ನ್ ಏಳೋದೂ ನಿಜ. ಅವತ್ತು ಕೆಲ್ಸದ್ ಅವಸ್ರ ನಂಗೆ. ನಾನೇ ಏಳಿರ್ಬೇಕು. ನೀವ್ಯಾಕೆ ಸುಳ್ ಏಳ್ತೀರಾ?"

ಮೂರು ವಾಕ್ಯದ ಸಾಕ್ಷಿ ಹೇಳಿ ನಾನು ಆ ಹೆಂಗಸಿನ ನೆನಪನ್ನೇ ತಿದ್ದಿಬಿಟ್ಟಿದ್ದೆ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಎಲ್ಲ ಹೇಳಿದೆ. ನೀನು ಐದೇ ವರ್ಷ ಎಂದಿದ್ದೆ, ಇನ್ನೊಂದು ವರ್ಷ ಬಿಡಲಾ ಎಂದು ಕೇಳಿದ್ದೆ, ನಾನೇ ಬರೆದೆ, ಮಂಡಳಿಯಲ್ಲಿ ಸುಳ್ಳು ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಕಾರ್ಡನ್ನು ಕವರಿನೊಳಗೆ ಹಾಕಿ ಬಾಯಿ ಮಡಿಸಿದಳು. "ನಂಗ್ ಏಳಿ ಏನ್ ಬಂತು ಮಿಸ್. ಅವ್ನಿಗ್ ಏಳಿ" ಎಂದಳು.

ವಕೀಲೆಯನ್ನು ಹುಡುಕಿ ಪ್ರಮಾಣ ಪತ್ರ ಮಾಡಿಸಿ ಕೊಟ್ಟಿದ್ದೇನೆ. ವಯಸ್ಸಿನ ಪ್ರಶ್ನೆಯನ್ನು ಯಾವಾಗ ಬೇಕಾದರೂ ಎತ್ತಬಹುದಂತೆ, ಆದರೆ ಒಮ್ಮೆ ಹೇಳಿದ ಸಾಕ್ಷಿಯನ್ನು ಈಗ ಬದಲಿಸುವ ನಿವೃತ್ತ ಟೀಚರನ್ನು ನ್ಯಾಯಾಲಯ ಎಷ್ಟು ನಂಬುತ್ತದೋ ಗೊತ್ತಿಲ್ಲ ಎಂದರು. ಧೈರ್ಯವಂತೆ ಎಂದು ನನ್ನನ್ನು ಹೊಗಳಿದರು. ಪಿಂಚಣಿ ಬರಲು ಶುರುವಾಗಿ ನಾಲ್ಕು ವರ್ಷವಾದ ಮೇಲೆ ಬಂದ ಧೈರ್ಯ ಅದು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಮೇ ಮೊದಲ ವಾರ ಅವನನ್ನು ನೋಡಲು ಅನುಮತಿ ಸಿಕ್ಕಿತು. ತಾಯಿಯೂ ಜೊತೆಗೆ ಬಂದಳು, ಆದರೆ ಗೇಟಿನ ಹೊರಗೇ ನಿಂತಳು. ಅವನು ನನಗಿಂತ ಒಂದು ಅಡಿ ಎತ್ತರ ಬೆಳೆದಿದ್ದ, ಮೀಸೆ ಬಂದಿತ್ತು. ನನ್ನನ್ನು ನೋಡಿ ಎದ್ದು ನಿಂತ. ಕೂರು ಎಂದರೂ ಕೂರಲಿಲ್ಲ. ನಿಂತವನಿಗೇ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕೈಕೊಟ್ಟವು. ನಿನ್ನ ವಯಸ್ಸು ತಪ್ಪಾಗಿ ಬರೆದವಳು ನಾನು, ನಿಮ್ಮಮ್ಮ ಅಲ್ಲ ಎಂದಷ್ಟೇ ಹೇಳಲು ಆಯಿತು. ಬಯ್ಯುತ್ತಾನೆ, ಕೂಗಾಡುತ್ತಾನೆ ಎಂದು ಕಾದೆ. ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಮ್ಮ ಹೇಳಿರ್ಲಿಲ್ವಾ ಮಿಸ್?"

"ಇಲ್ಲ. ಅವಳು ಐದೇ ಅಂತ ಹೇಳಿದ್ಲು. ಇನ್ನೊಂದು ವರ್ಷ ಬಿಡ್ಲಾ ಅಂತ ಕೇಳಿದ್ಲು."

ಅವನು ಕುರ್ಚಿಯಲ್ಲಿ ಕೂತ. ಜೈಲಿನ ಮಾತು ಎತ್ತಲಿಲ್ಲ, ಹತ್ತು ವರ್ಷದ ಮಾತು ಎತ್ತಲಿಲ್ಲ, ನಾನು ಯಾಕೆ ಹಾಗೆ ಮಾಡಿದೆ ಎಂದೂ ಕೇಳಲಿಲ್ಲ.

"ಎರಡು ವರ್ಷ ಮಿಸ್," ಎಂದ. "ಪ್ರತಿ ತಿಂಗಳೂ ಅಮ್ಮ ಬರ್ತಿದ್ಲು. ಒಳಗೆ ಬಿಡ್ಬೇಡಿ, ಗೇಟಿಂದ್ಲೇ ವಾಪಸ್ ಕಳಿಸಿ ಅಂತ ನಾನೇ ಹೇಳ್ತಿದ್ದೆ."